ಮೆಟ್ಟಿಲ ಕೆಳಗೆ

ಲಗ್ಗೆರೆಯಲ್ಲಿ, ಓನರ್ ಮನೆಯ ಮೆಟ್ಟಿಲ ಕೆಳಗೆ,
ಸಂಪಿನ ಮುಚ್ಚಳಕ್ಕೂ ಮೀಟರ್ ಬೋರ್ಡಿಗೂ ನಡುವೆ
ನನ್ನ ಕಾರ್ಖಾನೆ.
ನೆಟ್ಟಗೆ ನಿಂತರೆ ತಲೆಗೆ ಏಳನೇ ಮೆಟ್ಟಿಲು.
ಅದಕ್ಕೇ ಕೂತು ಮಾಡುವ ಕೆಲಸ ಕಲಿತೆ.

ಮೊದಲು ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ
ಮೋಟರಿಗೆ ತಾಮ್ರ ಸುತ್ತಿದೆ.
ಎಷ್ಟು ಎಳೆದರೆ ತಂತಿ ತಾಳುತ್ತದೆ,
ಎಷ್ಟಕ್ಕೆ ಕಿತ್ತುಕೊಳ್ಳುತ್ತದೆ,
ಬೆರಳಿಗೆ ಗೊತ್ತು, ಕೇಳಿದರೆ ಹೇಳೋಕೆ ಬರಲ್ಲ.
ಕಂಪನಿ ಮುಚ್ಚಿದ ದಿನ
ಬೆರಳುಗಳನ್ನು ಹಾಗೇ ಮನೆಗೆ ತಂದೆ.

ಮಾವ ಬಡಗಿ. ಅವರ ಉಳಿ, ಕೊಡತಿ, ತುಕ್ಕು ಹಿಡಿದ ಅರ
ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದವು.
ಮೊದಲನೇ ಏಕತಾರಿ ಸೌಟಿನ ಹಾಗಿತ್ತು.
ಎರಡನೆಯದು ಸೌಟಿಗಿಂತ ಕೊಂಚ ವಾಸಿ.
ಮೂರನೆಯದನ್ನು ತತ್ವಪದದ ತೋಪಯ್ಯ
ಎರಡು ಸಲ ಮೀಟಿ, ಹೆಗಲಿಗೇರಿಸಿ, ಹೊರಟೇಬಿಟ್ಟ.
ದುಡ್ಡು ಅಮಾವಾಸ್ಯೆಗೆ ಕೊಟ್ಟ. ಅರ್ಧ.

ಶ್ರುತಿಪೆಟ್ಟಿಗೆ ಇಲ್ಲ ನನ್ನಲ್ಲಿ.
ಬೆಳಗ್ಗೆ ಆರಕ್ಕೆ ಓನರ್ ನೀರಿನ ಮೋಟರ್ ಹಾಕುತ್ತಾರೆ,
ನಾನೇ ಸುತ್ತಿಕೊಟ್ಟ ಮೋಟರ್,
ಅದರ ಗುಂಯ್ ನನ್ನ ಷಡ್ಜ.
ಟ್ಯಾಂಕು ತುಂಬುವುದರೊಳಗೆ
ಬಿರಡೆ ತಿರುಗಿಸಿ ಮುಗಿಸಬೇಕು.
ಕರೆಂಟು ಹೋದ ದಿನ ಇಡೀ ಬೀದಿಗೇ ಶ್ರುತಿ ಇಲ್ಲ.

ಹುಲಿಗೆವ್ವ ಬಂದಿದ್ದು ಒಂದು ಮಂಗಳವಾರ.
ಕತ್ತಿನಲ್ಲಿ ಕೆಂಪು ಬಿಳಿ ಮುತ್ತು, ಕೈತುಂಬ ಹಸಿರು ಬಳೆ,
ಗಂಟಲು ಗಂಡಸಿನದು.
"ಚೌಡಿಕಿ ಒಡದೈತಿ ಯವ್ವಾ, ಒಂದು ಮಾಡಿಕೊಡು."
ನನ್ನ ಮಗಳು ಕಿಟಕಿಯಿಂದ ನೋಡದ ಹಾಗೆ ನೋಡಿದಳು.
ಸ್ಟೂಲು ಕೊಟ್ಟರೆ ಬೇಡ, ಸಂಪಿನ ಮುಚ್ಚಳವೇ ಸಾಕೆಂದಳು.
ಮೂವತ್ತು ವರ್ಷ ಬಾಗಿಲು ಬಾಗಿಲಿಗೆ ಹಾಡಿದ್ದಾಳಂತೆ.
"ಒಳಗ ಬಾ ಅಂದದ್ದು ಮೂರ ಮನಿ.
ಎರಡರ ಹೆಸರು ಮರತೈತಿ."

ಮರಕ್ಕೆ ಅಲೆದೆ. ಮೈಸೂರು ರಸ್ತೆಯ ಹಳೇಮರದ ಅಂಗಡಿಯಲ್ಲಿ
ಚಾಮರಾಜಪೇಟೆಯ ಯಾವುದೋ ಮನೆ ಕೆಡವಿದ ಹೊಸ್ತಿಲು,
ಹಲಸು, ಗೇಣು ದಪ್ಪ.
ಸೌದೆ ರೇಟಿಗೆ ತೂಗಿ ಕೊಟ್ಟ.
ನಡುವೆ ಸವೆದು ಬಟ್ಟಲಾಗಿತ್ತು.
ಹೊಸ್ತಿಲ ಮೇಲೆ ನಿಲ್ಲಬಾರದು ಅಂತಾರಲ್ಲ,
ಹಾಗಾದರೆ ಇದನ್ನು ಸವೆಸಿದವರು ಯಾರು?

ಉಳಿ ಹೊಡೆದೆ. ಹಳದಿ.
ಇನ್ನೂ ಒಳಗೆ ಹೊಡೆದೆ. ಅಲ್ಲೂ ಹಳದಿ.
ಮೇಲಿನದು ಅರಿಶಿನ, ಒಳಗಿನದು ಹಲಸು,
ಯಾವುದು ಎಲ್ಲಿ ಮುಗಿಯಿತೋ
ಕನ್ನಡಕ ಒರೆಸಿಕೊಂಡರೂ ತಿಳಿಯಲಿಲ್ಲ.
ಒಂದು ಮೊಳೆ ಸಿಕ್ಕಿತು, ಲಾಳ ಬಡಿದದ್ದಿರಬೇಕು. ಕಿತ್ತೆ.
ತೂತಿಗೆ ಮೇಣ ತುಂಬಿದೆ.
ರಾತ್ರಿ ಎದ್ದು ಬಂದು ಮೇಣ ತೆಗೆದೆ.

ಹದಿನೇಳು ದಿನ ತೋಡಿದೆ, ಸೇರಿನಷ್ಟು ಟೊಳ್ಳಾಗುವವರೆಗೆ.
ತಳಕ್ಕೆ ಆಡಿನ ಚರ್ಮ. ನೆನೆಹಾಕಿದ ಬಕೆಟ್ಟಿಗೆ
ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ಬೈದರು.
ಚರ್ಮದ ನಟ್ಟನಡುವೆ ರಂಧ್ರ, ಅಲ್ಲಿಂದ ತಂತಿ,
ತಂತಿ ಬಿರಡೆಗೆ.
ಎಳೆದೆ. ಇನ್ನೊಂದು ಚೂರು.
ಸಾಕು ಅಂತು ಬೆರಳು.

ಇದು ಹೊಸ್ತಿಲು ಕಣೇ ಅಂತ ಹೇಳಬೇಕೆಂದಿದ್ದೆ.
ಅಷ್ಟರಲ್ಲಿ ಹುಲಿಗೆವ್ವ ಮೂಸಿ ನೋಡಿದಳು,
ಹೆಬ್ಬೆರಳಿಂದ ಮೊಳೆಯ ತೂತು ತಡವಿದಳು,
ಕಣ್ಣು ನನ್ನ ಕಡೆ ಒಮ್ಮೆ ಬಂದು ಹೋಯಿತು.
ಏನೂ ಅನ್ನಲಿಲ್ಲ.
ಕಂಕುಳಲ್ಲಿ ಅವುಚಿ ಮೀಟಿದಳು.
ಬಾಗಿಲು ತಟ್ಟಿದಾಗ ಒಳಗಿಂದ "ಯಾರೂ?" ಅನ್ನುತ್ತಾರಲ್ಲ,
ಹಾಗೆ ತುದಿಯಲ್ಲಿ ಮೇಲೆದ್ದ ದನಿ.
ಎರಡನೇ ಮಹಡಿಯ ಕಿಟಕಿ ತೆರೆಯಿತು.

"ಬಿರಡಿ ಬಾಳ ಬಿಗಿ," ಎಂದು ಬೈದು
ಐನೂರು ಕಮ್ಮಿ ಕೊಟ್ಟು
ಚಪ್ಪಲಿ ಹುಡುಕಿದಳು.
ಅವು ಗೇಟಿನಾಚೆ ಇದ್ದವು.

ಆ ಹೊತ್ತಿಗೆ ಓನರ್ ಮೋಟರ್ ಹಾಕಿದರು.
ರಸ್ತೆ ತಿರುವಿನವರೆಗೂ ಅವಳು ಮೀಟುತ್ತಲೇ ಹೋದಳು.
ಕೇಳುತ್ತ ನಿಂತೆ, ತಲೆ ಬಗ್ಗಿಸಿ.
ಮೋಟರ್ ಒಂದೆಳೆ ಕೆಳಗಿತ್ತು.
ಬೇರಿಂಗು ಹೋಗಿರಬೇಕು,
ನಾಳೆ ಬಿಚ್ಚಿ ನೋಡಬೇಕು.